ಮಗಳಿಗೊಂದು ಪತ್ರ: ಅಡುಗೆ ಬರುತ್ತೆ, ಲೆಕ್ಕ ಕಲಿತು ಬಾ

ಗಂಗಾವತಿ

ಚಿ. ಗೌರಿಗೆ ಅಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಪಿ.ಯು.ಸಿ. ಮುಗಿದ ಮೇಲೆ ಕಲಿನರಿ ಆರ್ಟ್ಸ್, ಅಂದರೆ ಅಡುಗೆ ವಿದ್ಯೆ ಓದುತ್ತೇನೆ ಅಂತ ನೀನು ಫೋನ್ ಮಾಡಿದಾಗ ನಾನು ಕಾರಟಗಿಯ ಮದುವೆಯ ಅಡುಗೆಯಲ್ಲಿದ್ದೆ. ಭಟ್ಟಿ ಮುಂದೆ ನಿಂತು ಮುಗಿಸುವ ಮಾತಲ್ಲ ಇದು, ಅದಕ್ಕೆ "ನೋಡೋಣ" ಅಂತ ಇಟ್ಟೆ. ಆಮೇಲೆ ನಾಲ್ಕು ಜನರನ್ನು ವಿಚಾರಿಸಿದೆ. ಆನೆಗೊಂದಿ ಕಡೆ ರೆಸಾರ್ಟಿನಲ್ಲಿರುವ ಶೆಫ್ ಒಬ್ಬರ ಹತ್ತಿರ ಕೂತು ಮಾತಾಡಿದೆ. ಹಡಗಿನಲ್ಲಿ ಅಡುಗೆ ಮಾಡುವ ನಮ್ಮ ಕಡೆ ಹುಡುಗ ರಜೆಗೆ ಬಂದಿದ್ದ, ಅವನನ್ನೂ ಬಿಡಲಿಲ್ಲ. ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿ ಅರ್ಧ ಬಿಡುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ದೊಡ್ಡಪ್ಪನಿಗೆ ಸುದ್ದಿ ಹೇಗೋ ಮುಟ್ಟಿದೆ. "ರೊಟ್ಟಿ ಬಡಿಯೋಕೆ ಡಿಗ್ರಿ ಯಾಕಪ್ಪಾ, ಅವರವ್ವ ಕಲಿಸಲ್ವಾ?" ಅಂದರು. ನಾನು ಸುಮ್ನೆ ನಕ್ಕೆ. ಮನೆಯಲ್ಲಿ ಹೆಂಗಸರು ಮಾಡಿದರೆ ಪುಕ್ಕಟೆ, ಕಲ್ಯಾಣ ಮಂಟಪದಲ್ಲಿ ಗಂಡಸರು ಮಾಡಿದರೆ ಕಾಂಟ್ರಾಕ್ಟ್. ನಮ್ಮ ತಂಡದಲ್ಲೇ ನೋಡು, ರೊಟ್ಟಿಗೆ ಬರುವವರಿಗೆ ದಿನಗೂಲಿ, ಭಟ್ಟಿ ಮೇಲೆ ನಿಂತವನಿಗೆ ಮೇಸ್ತ್ರಿ ಅನ್ನುವ ಹೆಸರು. ರೊಟ್ಟಿ ಇಲ್ಲದೆ ನಮ್ಮ ಕಡೆ ಊಟ ಏಳುತ್ತಾ? ದೊಡ್ಡಪ್ಪ ಇನ್ನೊಮ್ಮೆ ಕೇಳಿದರೆ ನೀನೇ ಹೇಳು: ದೇಶದಲ್ಲಿ ಕೇಟರಿಂಗ್ ಓದಿಸುವ ಮೊದಲ ಸಂಸ್ಥೆ 1954ರಲ್ಲಿ ಮುಂಬಯಿಯಲ್ಲಿ ಶುರುವಾಯಿತು, ಅದನ್ನು ಕಟ್ಟಿದ್ದು ಲೀಲಾವತಿ ಮುನ್ಷಿ. ಬೆಳೆಸಿದವರು ತಂಗಂ ಫಿಲಿಪ್, ವರ್ಷಗಟ್ಟಲೆ ಅಲ್ಲಿ ಪ್ರಿನ್ಸಿಪಾಲ್ ಆಗಿದ್ದವರು. 1976ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಬ್ಯಾಂಕಾಕಿನಲ್ಲಿ ಹೋಟೆಲ್ ನಡೆಸುವ ಗರಿಮಾ ಅರೋರಾ 2018ರಲ್ಲಿ ಮಿಶೆಲಿನ್ ಸ್ಟಾರ್ ಪಡೆದರು, ಹೋಟೆಲುಗಳಿಗೆ ಸಿಗುವ ದೊಡ್ಡ ಗೌರವ ಅದು. ಭಾರತದ ಹೆಣ್ಣುಮಗಳೊಬ್ಬಳಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅವರು ಮೊದಲು ಓದಿದ್ದು ಪತ್ರಿಕೋದ್ಯಮ. ಇಷ್ಟು ಸಾಕು, ದೊಡ್ಡಪ್ಪ ಚಾ ಕುಡಿದು ಎದ್ದು ಹೋಗುತ್ತಾರೆ.

ಈಗ ನನ್ನ ಮಾತು. ನಿನಗೆ ಅಡುಗೆ ಬರುತ್ತೆ, ಕೈರುಚಿಯೂ ಇದೆ. ಅಷ್ಟಕ್ಕೇ ಆದರೆ ಕಾಲೇಜು ಬೇಡ, ನನ್ನ ಜೊತೆ ಒಂದು ಸೀಸನ್ ಮದುವೆಗಳಿಗೆ ಬಂದರೆ ಸಾಕು. ಆದರೆ ನಮ್ಮ ಲೈನಿನಲ್ಲಿ ಯಾರ ಹತ್ತಿರವೂ ಸಿಗದ ಎರಡು ವಿಷಯ ಕಾಲೇಜಿನಲ್ಲಿವೆ. ಒಂದು, ಯಾಕೆ ಹೀಗೆ ಮಾಡುತ್ತೇವೆ ಅನ್ನುವುದು. ಎರಡು, ಲೆಕ್ಕ. ಅವಕ್ಕೋಸ್ಕರ ಹೋಗು.

ಯಾಕೆ ಅನ್ನುವುದಕ್ಕೆ ನಿಮ್ಮಜ್ಜಿಯ ರೊಟ್ಟಿಯನ್ನೇ ತಗೋ. ಎಸರು ಕುದಿಸಿ, ಹಿಟ್ಟಿನ ನಡುವೆ ಗುಣಿ ಮಾಡಿ ಸುರಿದು, ಕೈ ಸುಡುತ್ತಿದ್ದರೂ ಬಿಸಿಯಲ್ಲೇ ನಾದುತ್ತಾಳೆ. ಕೇಳಿದರೆ "ಹಂಗ ಮಾಡಬೇಕು" ಅಂತಾಳೆ ಅಷ್ಟೇ. ಆ ಶೆಫ್ ನನಗೆ ಬಿಡಿಸಿ ಹೇಳಿದರು. ಗೋಧಿಯಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನ್ ಇದೆ, ತಣ್ಣೀರಿಗೇ ಹಿಟ್ಟು ಒಂದಕ್ಕೊಂದು ಹಿಡಿದುಕೊಂಡು ಎಳೆದ ಹಾಗೆ ಬರುತ್ತೆ. ಜೋಳದಲ್ಲಿ ಅದಿಲ್ಲ. ಕುದಿಯುವ ನೀರು ಬಿದ್ದಾಗ ಜೋಳದ ಪಿಷ್ಟ ಉಬ್ಬಿ ಅಂಟಾಗುತ್ತೆ, ಆ ಅಂಟೇ ರೊಟ್ಟಿಯನ್ನು ಹಿಡಿಯುವುದು. ಎಸರು ಆರಿದ್ದರೆ ಬಡಿಯುವಾಗ ಅಂಚು ಸೀಳುತ್ತೆ. ಹಂಚಿಗೆ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ನೀರು ಸವರುವುದಕ್ಕೂ ಕಾರಣ ಇದೆ. ಒಣ ಹಿಟ್ಟೂ ಹೋಗುತ್ತೆ, ಮೇಲಿನ ಪದರ ಬೇಗ ಒಣಗಿ ಬಿರಿಯುವುದೂ ಇಲ್ಲ. ಒಳಗಿನ ಉಗಿ ಹೊರಗೆ ಹೋಗದೆ ರೊಟ್ಟಿ ಉಬ್ಬುತ್ತೆ. ಕಾರಣ ಗೊತ್ತಿದ್ದವನು ಸಜ್ಜೆಯನ್ನೂ ನವಣೆಯನ್ನೂ ಹೇಗೆ ನಾದಬೇಕು ಅಂತ ತಾನೇ ಲೆಕ್ಕ ಹಾಕುತ್ತಾನೆ. ಕಾರಣ ಗೊತ್ತಿಲ್ಲದವನಿಗೆ ಪ್ರತಿಯೊಂದಕ್ಕೂ ಒಬ್ಬ ಅಜ್ಜಿ ಬೇಕು.

ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಗಳಿಂದ ಟ್ರ್ಯಾಕ್ಟರ್ ತುಂಬಾ ರೊಟ್ಟಿ ಬರುತ್ತೆ, ನೀನೇ ನೋಡಿದ್ದೀಯ. ಅಷ್ಟು ಮೊದಲೇ ಮಾಡಿಟ್ಟ ರೊಟ್ಟಿ ಯಾಕೆ ಕೆಡಲ್ಲ? ಕಡಕ್ ಆಗುವ ಹಾಗೆ ಒಣಗಿಸಿದ್ದಕ್ಕೆ. ನೀರಿಲ್ಲದ ಕಡೆ ಬೂಸ್ಟು ಬೆಳೆಯಲ್ಲ. ಇದೇ ಮಾತನ್ನು ಕಂಪನಿಗಳು ಶೆಲ್ಫ್ ಲೈಫ್ ಅಂತ ಕರೆದು, ಅದಕ್ಕಂತಲೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಳ್ಳುತ್ತವೆ.

ಅನ್ನದ ವಿಷಯ ಇನ್ನೂ ಮುಖ್ಯ. ನಮ್ಮದು ಭತ್ತದ ಊರು, ಅನ್ನವನ್ನು ಯಾರೂ ಅನುಮಾನದಿಂದ ನೋಡಲ್ಲ. ರಾತ್ರಿ ಇಳಿಸಿದ ದೊಡ್ಡ ಬೊಗಣಿಯ ಅನ್ನಕ್ಕೆ ಬೆಳಿಗ್ಗೆ ಕೈ ಹಾಕಿ ನೋಡು, ಮೇಲೆ ತಣ್ಣಗೆ, ನಡುವೆ ಇನ್ನೂ ಬೆಚ್ಚಗೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರುತ್ತಂತೆ. ಅನ್ನ ಬೆಂದರೂ ಅದು ಸಾಯಲ್ಲ. ಆ ಬೆಚ್ಚಗಿನ ನಡುವಿನಲ್ಲಿ ಎದ್ದು ಬೆಳೆದು ವಿಷ ಬಿಡುತ್ತೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. "ಒಗ್ಗರಣೆ ಹಾಕಿದರೆ ಎಲ್ಲಾ ಸರಿ" ಅನ್ನುವ ನಮ್ಮವರ ನಂಬಿಕೆ ಇಲ್ಲಿ ನಡೆಯಲ್ಲ. ಕಲಿತವರು 5ರಿಂದ 60 ಡಿಗ್ರಿ ನಡುವೆ ಊಟ ಇಡಬಾರದು ಅಂತಾರೆ. ಇಟ್ಟರೆ ಬಿಸಿಯಾಗಿ ಇಡು, ಇಲ್ಲ ಅಗಲ ತಟ್ಟೆಗೆ ಹರವಿ ಬೇಗ ಆರಿಸಿ ಫ್ರಿಜ್ಜಿಗೆ ಹಾಕು. ಸಾವಿರ ಜನಕ್ಕೆ ಬಡಿಸುವವರಿಗೆ ಇದು ಗೊತ್ತಿರಲೇಬೇಕು. ಮಂಟಪಗಳ ಅಡುಗೆಮನೆಯಲ್ಲಿ ಥರ್ಮಾಮೀಟರ್ ಕಂಡಿದ್ದೀಯಾ? ನಾನಂತೂ ಕಂಡಿಲ್ಲ.

ಇನ್ನು ಲೆಕ್ಕ. ನಮ್ಮ ಸಾಮಾನಿನ ಚೀಟಿ ತಲೆಯಲ್ಲಿರುತ್ತೆ. ಇಷ್ಟು ಜನ ಅಂದರೆ ಇಷ್ಟು ಬೇಳೆ, ಇಷ್ಟು ಎಣ್ಣೆ, ಬಾಯಲ್ಲೇ ಹೇಳುತ್ತೇವೆ. ಹೋಟೆಲಿನವರು ಪ್ರತಿ ಪದಾರ್ಥಕ್ಕೂ ಗ್ರಾಂ ಲೆಕ್ಕದಲ್ಲಿ ಚೀಟಿ ಬರೆದಿಡುತ್ತಾರೆ, ಸ್ಟ್ಯಾಂಡರ್ಡ್ ರೆಸಿಪಿ ಅಂತಾರೆ. 10 ಕೆ.ಜಿ. ಈರುಳ್ಳಿ 300 ರೂಪಾಯಿಗೆ ತಂದೆ ಅಂತಿಟ್ಟುಕೋ. ಸಿಪ್ಪೆ, ತುದಿ, ಕೊಳೆತದ್ದು ತೆಗೆದರೆ ಉಳಿಯುವುದು 9 ಕೆ.ಜಿ. ಆಸುಪಾಸು. ಆಗ ಕೆ.ಜಿ.ಗೆ 30 ರೂಪಾಯಿ ಅಲ್ಲ, 33 ದಾಟುತ್ತೆ. ಚೀಟಿಗೆ ಹೋಗಬೇಕಾದ್ದು ಈ ರೇಟು. 100 ರೂಪಾಯಿಗೆ ಮಾರುವ ಐಟಂನಲ್ಲಿ ಸಾಮಾನಿನ ಖರ್ಚು ಸುಮಾರು 30ರಿಂದ 35 ರೂಪಾಯಿ ಒಳಗೆ ಇರಬೇಕು ಅನ್ನುವುದು ಹೋಟೆಲಿನವರ ಅಂದಾಜು. ಉಳಿದದ್ದು ಬಾಡಿಗೆ, ಗ್ಯಾಸು, ಕರೆಂಟು, ಸಂಬಳಕ್ಕೆ. ರುಚಿ ಕೆಟ್ಟು ಮುಚ್ಚಿದ ಹೋಟೆಲಿಗಿಂತ ಈ ಲೆಕ್ಕ ತಪ್ಪಿ ಮುಚ್ಚಿದ ಹೋಟೆಲುಗಳನ್ನೇ ನಾನು ಜಾಸ್ತಿ ನೋಡಿದ್ದೇನೆ.

ಅವ್ವಾ, ಈಗ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳದ ವಿಷಯ. ಆ ಕಾಲೇಜುಗಳಲ್ಲಿ ಕೋಳಿ, ಮೀನು, ಮೊಟ್ಟೆ ಎಲ್ಲಾ ಇರುತ್ತೆ. ಕೋಳಿಯನ್ನು ಕೀಲು ಬಿಡಿಸಿ ತುಂಡು ಮಾಡಬೇಕು, ಮೀನಿನ ಮುಳ್ಳು ತೆಗೆಯಬೇಕು, ಮೂಳೆ ಕುದಿಸಿ ಸ್ಟಾಕ್ ಇಳಿಸಬೇಕು. ಪರೀಕ್ಷೆಗೂ ಅದೇ ಬರುತ್ತೆ. ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮಾಡುವುದು ಬೇರೆ, ತಿನ್ನುವುದು ಬೇರೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದು ಅಂದುಕೊಂಡಿದ್ದೆ. ಶೆಫ್ ತಲೆ ಅಲ್ಲಾಡಿಸಿದರು. ಉಪ್ಪು ನೋಡದೆ ಸಾಸ್ ಕಳಿಸುವವರನ್ನು ಯಾವ ದೊಡ್ಡ ಅಡುಗೆಮನೆಯೂ ಇಟ್ಟುಕೊಳ್ಳಲ್ಲ ಅಂದರು. ಅಹಮದಾಬಾದ್, ಭೋಪಾಲ್, ಜೈಪುರದ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳಲ್ಲಿ ಬರೀ ಸಸ್ಯಾಹಾರ ಕಲಿಯುವ ಅವಕಾಶ ತೆರೆದಿದ್ದರು. ಹಾಗೆ ಕಲಿತರೆ ಕೆಲವು ಬಾಗಿಲು ಮುಚ್ಚುತ್ತವೆ, ಆದರೆ ಬೇಕರಿ, ಪೇಸ್ಟ್ರಿ, ಸಸ್ಯಾಹಾರಿ ಹೋಟೆಲು, ಸಿಹಿತಿಂಡಿ ಕಡೆ ದಾರಿ ಇದೆ. ಬೇಕರಿಯಲ್ಲೂ ಮೊಟ್ಟೆ ಇದೆ, ನೆನಪಿರಲಿ. ಇದನ್ನು ನೀನೇ ತೀರ್ಮಾನ ಮಾಡು. ನನ್ನ ಮುಖ ನೋಡಬೇಡ, ಊರಿನ ಮುಖವನ್ನಂತೂ ನೋಡಲೇಬೇಡ. ಅಜ್ಜಿಗೆ ಹೇಳುವ ಕೆಲಸ ನನಗಿರಲಿ.

ಎಲ್ಲಿ ಓದಬೇಕು ಅನ್ನುವುದು ನೀನು ಏನು ಆಗಬೇಕು ಅನ್ನುವುದರ ಮೇಲೆ. ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ ಐ.ಎಚ್.ಎಂ. ಅನ್ನುವ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ, ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಕೆಳಗೆ ಬರುವುದು. ಮೂರು ವರ್ಷದ ಬಿ.ಎಸ್‌ಸಿ. ಪಿ.ಯು.ಸಿ.ಯಲ್ಲಿ ಯಾವ ವಿಭಾಗವಾದರೂ ನಡೆಯುತ್ತೆ, ಇಂಗ್ಲಿಷ್ ಓದಿರಬೇಕು. ಸೀಟು ಸಿಗುವುದು ಎನ್.ಸಿ.ಎಚ್.ಎಂ. ಜೆ.ಇ.ಇ. ಅನ್ನುವ ಪರೀಕ್ಷೆಯಿಂದ. ಅದರಲ್ಲಿ ಅಡುಗೆ ಕೇಳಲ್ಲ, ಲೆಕ್ಕ, ತರ್ಕ, ಇಂಗ್ಲಿಷ್, ಸಾಮಾನ್ಯ ಜ್ಞಾನ ಕೇಳುತ್ತಾರೆ. ಅಲ್ಲಿ ಅಡುಗೆ ಜೊತೆಗೆ ಬಡಿಸುವುದು, ಫ್ರಂಟ್ ಆಫೀಸು, ಹೌಸ್‌ಕೀಪಿಂಗ್ ಕೂಡ ಕಲಿಸುತ್ತಾರೆ. ಬರೀ ಅಡುಗೆಮನೆಯೇ ಬೇಕು ಅಂದರೆ ಕಲಿನರಿ ಕೋರ್ಸು. ಮಣಿಪಾಲದಲ್ಲಿದೆ, ವಿಕಾಸ್ ಖನ್ನಾ ಓದಿದ ಕಾಲೇಜು. ಹಳೇ ಪಾತ್ರೆಪಡಗಗಳ ಮ್ಯೂಸಿಯಂ ಒಂದು 2018ರಲ್ಲಿ ಅಲ್ಲಿ ತೆರೆದಿದೆ. ಸರ್ಕಾರದ್ದು ಬೇಕಾದರೆ ಇಂಡಿಯನ್ ಕಲಿನರಿ ಇನ್‌ಸ್ಟಿಟ್ಯೂಟ್ ನೋಯ್ಡಾದಲ್ಲೂ ತಿರುಪತಿಯಲ್ಲೂ ಇದೆ. ತಿರುಪತಿ ನಮಗೆ ದೂರ ಏನಲ್ಲ, ಹುಬ್ಬಳ್ಳಿಯಿಂದ ಹೋಗುವ ರೈಲು ಹೊಸಪೇಟೆ, ಬಳ್ಳಾರಿ ಮೇಲೇ ಹೋಗುತ್ತೆ. ಹಾದಿಬೀದಿಯಲ್ಲಿ "ನೂರಕ್ಕೆ ನೂರು ಕೆಲಸ ಗ್ಯಾರಂಟಿ" ಅಂತ ಬೋರ್ಡು ಹಾಕುವ ಕಡೆ ಮಾತ್ರ ದುಡ್ಡು ಕಟ್ಟುವ ಮೊದಲು ಕೇಳು: ಡಿಗ್ರಿ ಕೊಡುವುದು ಯಾವ ವಿಶ್ವವಿದ್ಯಾಲಯ? ಪ್ರಾಕ್ಟಿಕಲ್‌ನಲ್ಲಿ ಒಂದು ಒಲೆಗೆ ಎಷ್ಟು ಮಕ್ಕಳು? ಹೋದ ವರ್ಷದವರು ಟ್ರೈನಿಂಗಿಗೆ ಎಲ್ಲಿ ಹೋದರು? ತಡವರಿಸಿದರೆ ಎದ್ದು ಬಂದುಬಿಡು.

ಕೆಲಸ ಶುರುವಾಗುವುದು ಕಾಮಿ ಶೆಫ್ ಅಂತ, ಅಂದರೆ ಎಲ್ಲರಿಗಿಂತ ಕೆಳಗಿನ ಮೆಟ್ಟಿಲು. ಅಲ್ಲಿಂದ ಡಿ.ಸಿ.ಡಿ.ಪಿ., ಅಂದರೆ ಒಂದು ವಿಭಾಗದ ಸಹಾಯಕ, ಆಮೇಲೆ ಸಿ.ಡಿ.ಪಿ., ಆ ವಿಭಾಗದ ಮುಖ್ಯಸ್ಥ, ಆಮೇಲೆ ಇಡೀ ಅಡುಗೆಮನೆಗೆ ಎರಡನೆಯವನಾದ ಸೂ ಶೆಫ್, ಕೊನೆಗೆ ಎಲ್ಲರ ಮೇಲಿನ ಎಕ್ಸಿಕ್ಯೂಟಿವ್ ಶೆಫ್. ಎಸ್ಕೋಫಿಯೆ ಅನ್ನುವ ಫ್ರಾನ್ಸಿನವನು ನೂರು ವರ್ಷಕ್ಕೂ ಹಿಂದೆ ಹಾಕಿಕೊಟ್ಟ ಪದ್ಧತಿ, ಸೈನ್ಯದ ಶಿಸ್ತು ನೋಡಿ ಮಾಡಿದ್ದು. ಮೊದಲ ವರ್ಷಗಳ ಸಂಬಳ ಕೇಳಿದರೆ ನಿಮ್ಮವ್ವ ಬೇಜಾರಾಗುತ್ತಾಳೆ. ಬ್ರೇಕ್ ಶಿಫ್ಟ್ ಅಂತ ಇರುತ್ತೆ, ಮಧ್ಯಾಹ್ನ ಊಟ ಮುಗಿಸಿ ಬಿಟ್ಟು ಸಂಜೆ ಮತ್ತೆ ಕರೆಯುತ್ತಾರೆ. ಉಗಾದಿ, ದೀಪಾವಳಿಗೆ ಜಗತ್ತಿಗೆಲ್ಲ ರಜೆ, ನಿನಗೆ ಡಬಲ್ ಕೆಲಸ. ಅದು ನಮ್ಮ ಮನೆಗೆ ಹೊಸದಲ್ಲ ಬಿಡು. ಹುಡುಗಿಯರನ್ನು ಬಿಸಿ ಒಲೆಯ ಕಡೆ ಬಿಡದೆ ಪೇಸ್ಟ್ರಿಗೆ ತಳ್ಳುವ ಅಭ್ಯಾಸವೂ ಇದೆಯಂತೆ. ಪೇಸ್ಟ್ರಿ ಇಷ್ಟವಿದ್ದರೆ ಸರಿ, ಇಲ್ಲದಿದ್ದರೆ ಬಾಯಿಬಿಟ್ಟು ಒಲೆ ಕೇಳು.

ಹೋಟೆಲೇ ಆಗಬೇಕು ಅಂತೇನಿಲ್ಲ. ಹಡಗಿನ ಕೆಲಸಕ್ಕೆ ಎಸ್.ಟಿ.ಸಿ.ಡಬ್ಲ್ಯೂ. ಅನ್ನುವ ಸುರಕ್ಷತಾ ತರಬೇತಿ, ಸಿ.ಡಿ.ಸಿ. ಅಂತ ಹಡಗಿನ ಕೆಲಸಗಾರರ ದಾಖಲೆ ಪುಸ್ತಕ ಬೇಕು. ದುಡ್ಡು ಚೆನ್ನಾಗಿದೆ, ತಿಂಗಳುಗಟ್ಟಲೆ ನೆಲ ಕಾಣಲ್ಲ. ವಿಮಾನದ ಊಟ ತಯಾರಿಸುವ ಅಡುಗೆಮನೆಗಳಿವೆ, ಆಸ್ಪತ್ರೆ ಅಡುಗೆಮನೆಗಳಿವೆ. ಬಿಸಿಯೂಟ ರಾಜ್ಯದಲ್ಲಿ ಮೊದಲು ಶುರುವಾಗಿದ್ದು 2002ರಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲೇ. ಅಂಥ ಸಾವಿರಾರು ಮಕ್ಕಳ ಊಟ ನೋಡಿಕೊಳ್ಳಲು ಕಲಿತವರು ಬೇಕು. ಮುಂದೆ ಓದುವ ಮನಸ್ಸಾದರೆ ಮೈಸೂರಿನ ಸಿ.ಎಫ್.ಟಿ.ಆರ್.ಐ. ಇದೆ, 1950ರಿಂದ ಆಹಾರ ಸಂಶೋಧನೆಯನ್ನೇ ಮಾಡಿಕೊಂಡು ಬಂದಿದ್ದಾರೆ. ಸೈನಿಕರಿಗೆ ಕೆಡದ ಊಟ ತಯಾರಿಸಿದ, ಮೊದಲು ಡಿ.ಎಫ್.ಆರ್.ಎಲ್. ಅಂತಿದ್ದ ರಕ್ಷಣಾ ಸಂಶೋಧನಾ ಸಂಸ್ಥೆ ಕೂಡ ಅಲ್ಲೇ. ಆದರೆ ಅಲ್ಲಿಗೆ ಸೈನ್ಸ್ ಬೇಕು, ಬರೀ ಕಲಿನರಿ ಡಿಗ್ರಿ ಸಾಲಲ್ಲ. ನೀನು ಸೈನ್ಸ್ ತಗೊಂಡಿದ್ದೀಯ, ಅದನ್ನು ಈಗಲೇ ಕೈಬಿಡಬೇಡ. ಫೋಟೋಕ್ಕೆ ಊಟ ಅಲಂಕಾರ ಮಾಡಿ ಬದುಕುವವರೂ ಇದ್ದಾರಂತೆ. ತಿನ್ನೋಕೆ ಆಗದ ಊಟಕ್ಕೆ ದುಡ್ಡು, ನನಗದು ಅರ್ಥ ಆಗಲಿಲ್ಲ.

ನನ್ನ ಆಸೆ ಹೇಳಬೇಕು ಅಂದರೆ, ಎಲ್ಲಾ ಕಲಿತು ಈ ಕಡೆ ಬಾ. ಹಂಪಿ ನೋಡಲು ಬರುವ ಜನಕ್ಕೆ ಪಿಜ್ಜಾ, ನೂಡಲ್ಸ್ ಸಿಗುತ್ತೆ. ಪುಂಡಿಪಲ್ಯ, ಗುರೆಳ್ಳು ಚಟ್ನಿ, ಬಿಸಿ ರೊಟ್ಟಿ ಹುಡುಕಿದರೂ ಸಿಗುವುದು ಕಷ್ಟ. ಇದು ಆಸೆ ಅಷ್ಟೇ, ಷರತ್ತಲ್ಲ.

ದುಡ್ಡಿನ ಚಿಂತೆ ನಿನಗೆ ಬೇಡ. ಬ್ಯಾಂಕಿನಲ್ಲಿ ಶಿಕ್ಷಣ ಸಾಲ ವಿಚಾರಿಸಿದ್ದೇನೆ, ಕಾಲೇಜಿನ ಹೆಸರು ಗೊತ್ತಾದ ಮೇಲೆ ಬನ್ನಿ ಅಂದರು.

ರಜೆಗೆ ಬರುವ ಮೊದಲು ಒಂದು ಕೆಲಸ ಮಾಡು. ನೂರು ಪ್ಲೇಟ್ ಒಗ್ಗರಣೆ-ಮಿರ್ಚಿಗೆ ಚೀಟಿ ಬರಿ, ಗ್ರಾಂ ಲೆಕ್ಕದಲ್ಲಿ. ಮಂಡಕ್ಕಿ, ಪುಠಾಣಿ ಪುಡಿ, ಈರುಳ್ಳಿ, ಮೆಣಸಿನಕಾಯಿ, ಕಡಲೆಹಿಟ್ಟು, ನಿಂಬೆಹಣ್ಣು, ಗ್ಯಾಸು, ಎಲ್ಲಾ. ಹಾಸ್ಟೆಲ್ ಹತ್ತಿರದ ಬಂಡಿಯವನು ಪ್ಲೇಟಿಗೆ ಎಷ್ಟು ತಗೊಳ್ಳುತ್ತಾನೆ, ಅವನಿಗೆ ಎಷ್ಟು ಉಳಿಯುತ್ತೆ ಅಂತ ನೋಡೋಣ. ಮಂಡಕ್ಕಿ ನೆನೆಸಿದ ಮೇಲೆ ತೂಕ ಬದಲಾಗುತ್ತೆ, ಒಣಗಿದ್ದಾಗಲೇ ತೂಗು. ಮಿರ್ಚಿ ಕರಿದ ಮೇಲೆ ಬಾಣಲೆಯಲ್ಲಿ ಎಣ್ಣೆ ಉಳಿಯುತ್ತಲ್ಲ, ಅದನ್ನು ಕಳೆಯುವುದು ಮರೆಯಬೇಡ.

ಇಂತಿ,
ನಿನ್ನ ಅಪ್ಪ