ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ: ಮಳೆ ಅಳೆಯುವ ಮಕ್ಕಳಿಗೆ ಅಂಕ ಬೇಡ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರೇ,

ಯಲಹಂಕದಲ್ಲಿ ಧೋ ಎಂದು ಮಳೆ ಸುರಿಯುವಾಗ ಜಯನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಇಂಥ ಊರಿನ ಮಳೆ ಲೆಕ್ಕಕ್ಕೆ ಸಿಗಬೇಕಾದರೆ ಮಾಪಕಗಳು ಒತ್ತೊತ್ತಾಗಿರಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳ ನಡುವೆ ಉಳಿದ ಜಾಗವನ್ನು ನಮ್ಮ ಸರ್ಕಾರಿ ಶಾಲೆಗಳ ಅಂಗಳಗಳು ತುಂಬಬಲ್ಲವು. ಬೆಂಗಳೂರಿನ ಶಾಲೆಗಳಲ್ಲಿ ಮಕ್ಕಳು ದಿನವೂ ಮಳೆ, ಮೋಡ ಗಮನಿಸಿ ಬರೆದಿಡಲು ತಾವು ಸುತ್ತೋಲೆ ಹೊರಡಿಸಬೇಕೆಂದು ಕೋರುತ್ತೇವೆ.

ಬೇಕಾದದ್ದು ಒಂದು ಆಲಿಕೆ, 5 ಲೀಟರ್ ಕ್ಯಾನ್, 100 ಮಿ.ಲೀ. ಅಳತೆ ಜಾಡಿ. ಆಲಿಕೆಯ ಬಾಯಿ ಒಳಗಿನಿಂದ ಸರಿಯಾಗಿ 16 ಸೆಂ.ಮೀ. ಅಗಲವಿರಲಿ. ಆಗ ಅದರ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ.; ಕ್ಯಾನಿಗೆ ಇಳಿದ ಪ್ರತಿ 20 ಮಿ.ಲೀ. ನೀರು 1 ಮಿ.ಮೀ. ಮಳೆ. 130 ಮಿ.ಲೀ. ಸಿಕ್ಕಿದರೆ 6.5 ಮಿ.ಮೀ. ಅಂಗಡಿಯಲ್ಲಿ ಸಿಕ್ಕಿತೆಂದು 15 ಸೆಂ.ಮೀ. ಆಲಿಕೆ ತಂದು ಇದೇ ಲೆಕ್ಕ ಹಿಡಿದರೆ ಪ್ರತಿ ಅಳತೆಯೂ ಶೇ. 12ರಷ್ಟು ಕಡಿಮೆ ಬರುತ್ತದೆ.

ಆಲಿಕೆಯ ಬಾಯಿ ನೆಲದಿಂದ 30 ಸೆಂ.ಮೀ. ಮೇಲಿರುವಂತೆ ಕ್ಯಾನನ್ನು ಮಣ್ಣಿನಲ್ಲಿ ಹೂಳಬೇಕು. ಇನ್ನೂ ತಗ್ಗಿದರೆ ನೆಲಕ್ಕೆ ಬಿದ್ದ ಹನಿ ಸಿಡಿದು ಒಳಸೇರುತ್ತದೆ. 10 ಮೀಟರ್ ಎತ್ತರದ ಮರವಿದ್ದರೆ 20 ಮೀಟರ್ ದೂರ ಸರಿಯಬೇಕು. ತಾರಸಿ ಬೇಡ, ಅಲ್ಲಿ ಸುಳಿಯುವ ಗಾಳಿ ಹನಿಗಳನ್ನು ಆಚೆಗೆ ಒಯ್ಯುತ್ತದೆ. ಹೊಂಗೆ ಹೂ ಉದುರುವ ಕಾಲದಲ್ಲಿ ಆಲಿಕೆಯ ಕೊಳವೆ ಕಟ್ಟಿಕೊಳ್ಳುತ್ತದೆ, ದಿನವೂ ನೋಡಬೇಕು.

ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಮಕ್ಕಳು 9.45ಕ್ಕೆ ಅಳೆದರೆ 9.45 ಎಂದೇ ಬರೆಯಲಿ. ನಮ್ಮಲ್ಲಿ ಮಳೆ ಹೆಚ್ಚಾಗಿ ಸಂಜೆ, ರಾತ್ರಿ ಬರುವುದರಿಂದ ತೊಂದರೆ ಕಡಿಮೆ.

ಮೋಡದ ಕೆಲಸಕ್ಕೆ ಕಣ್ಣು ಸಾಕು. ಉಪಗ್ರಹ ಮೇಲಿನಿಂದ ನೋಡುತ್ತದೆ; ದಟ್ಟ ಮೋಡದ ಅಡಿಯಲ್ಲಿರುವ ರಾಶಿ ಮೋಡ ಅದಕ್ಕೆ ಕಾಣದು, ಅಂಗಳದಲ್ಲಿ ನಿಂತ ಹುಡುಗಿಗೆ ಕಾಣುತ್ತದೆ. ಅದಕ್ಕಾಗಿಯೇ ನಾಸಾ ಬೆಂಬಲದ ಗ್ಲೋಬ್ ಕಾರ್ಯಕ್ರಮ ಶಾಲಾ ಮಕ್ಕಳ ವರದಿಯನ್ನು ಉಪಗ್ರಹದ ಮಾಹಿತಿಯೊಂದಿಗೆ ತಾಳೆ ನೋಡುತ್ತದೆ. ತಪ್ಪುವುದು ಆಕಾಶದ ಎಷ್ಟು ಪಾಲು ಮೋಡ ಎಂಬ ಅಂದಾಜು. ದಿಗಂತದ ಬಳಿ ಒಂದರ ಹಿಂದೊಂದು ಮೋಡ ಸೇರಿದಂತೆ ಕಂಡು ನಡುವಿನ ಸಂದು ಮುಚ್ಚಿಹೋಗುತ್ತದೆ, ಅಂದಾಜು ಏರುತ್ತದೆ. ಕೈ ಪೂರ್ತಿ ಚಾಚಿದಾಗ ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತದಿಂದ ಒಂದೂವರೆ ಮುಷ್ಟಿ ಬಿಟ್ಟು ಮೇಲಿನ ಆಕಾಶವನ್ನಷ್ಟೇ ಹಿಡಿಯಬೇಕು. ಇಬ್ಬರು ಮಕ್ಕಳು ಮಾತಾಡಿಕೊಳ್ಳದೆ ಬೇರೆ ಬೇರೆ ಬರೆದು ಆಮೇಲೆ ಹೋಲಿಸಲಿ. ಸೂರ್ಯನನ್ನು ನೇರ ನೋಡಬಾರದು. ಕಟ್ಟಡದ ಮರೆಯಲ್ಲಿ ನಿಲ್ಲಬೇಕು.

ಸುತ್ತೋಲೆಯಲ್ಲಿ ಒಂದು ಸಾಲು ಖಂಡಿತ ಇರಲಿ: ಈ ಕೆಲಸಕ್ಕೆ ಅಂಕವಿಲ್ಲ, ಖಾಲಿ ಬಿಟ್ಟ ದಿನಕ್ಕೆ ವಿವರಣೆ ಕೇಳುವಂತಿಲ್ಲ. ಅಳೆದಾಗ ನೀರಿಲ್ಲದಿದ್ದರೆ 0, ಅಳೆಯದಿದ್ದರೆ ಖಾಲಿ. ಸೋಮವಾರ ಅಳೆದದ್ದರಲ್ಲಿ ಭಾನುವಾರದ್ದೂ ಸೇರಿದ್ದರೆ ‘ಎರಡು ದಿನದ ಒಟ್ಟು’ ಎಂದು ಬರೆಯಬೇಕು, ಅರ್ಧರ್ಧ ಹಂಚಬಾರದು. ತಪಾಸಣೆಗೆ ಹೆದರಿ ತಿಂಗಳ ಕೊನೆಯಲ್ಲಿ ಒಂದೇ ಪೆನ್ನಿನಿಂದ ತುಂಬಿದ ಪುಸ್ತಕ ಯಾವ ವಿಜ್ಞಾನಿಗೂ ಉಪಯೋಗವಿಲ್ಲ. ಮಕ್ಕಳಿಗೆ ಅದು ಸುಳ್ಳು ಕಲಿಸುತ್ತದೆ.

ಇನ್ನೊಂದು. ದಸರಾ ರಜೆ ಬರುವುದು ಬೆಂಗಳೂರಿಗೆ ಮಳೆ ಜೋರಾಗಿರುವ ಹೊತ್ತಿಗೇ. ಆಗ ಶಾಲೆಯ ಹತ್ತಿರವಿರುವ ಮಕ್ಕಳು ಹಿರಿಯರೊಬ್ಬರ ಜೊತೆ ಹತ್ತು ನಿಮಿಷ ಒಳಗೆ ಹೋಗಿ ಬರಬೇಕು. ಮುಖ್ಯಶಿಕ್ಷಕರು ತಾವಾಗಿಯೇ ಗೇಟಿನ ಬೀಗ ತೆಗೆಸಲಾರರು. ಆ ಅನುಮತಿಯನ್ನೂ ಸುತ್ತೋಲೆಯಲ್ಲೇ ಬರೆಸಿ.

ಇಂತಿ,
ಬೆಂಗಳೂರಿನ ಕೆಲವು ವಿಜ್ಞಾನ ಶಿಕ್ಷಕರು ಮತ್ತು ಹವಾಮಾನಾಸಕ್ತರು