ಅವ್ವನಿಗೆ, ನನ್ನ ಹಿತ್ತಲ ಕೋಳಿಗಳ ಸಮಾಚಾರ

ಆರೆಗಾನ್, ಅಮೆರಿಕ

ಪ್ರೀತಿಯ ಅವ್ವ,

ಫೋನಿನಲ್ಲಿ ಕೋಳಿ ವಿಷಯ ಎತ್ತಿದರೆ ನೀನು ನಗೋಕೆ ಶುರು ಮಾಡುತ್ತೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಅಮೆರಿಕಕ್ಕೆ ಹೋಗಿ ಕೋಳಿ ಕಾಯ್ತಾನೆ ಅಂತ ಚಿಕ್ಕಪ್ಪ ಆಡಿಕೊಳ್ಳುವುದೂ ಗೊತ್ತು. 2025ರ ಮಾರ್ಚ್‌ನಲ್ಲಿ ಹಕ್ಕಿಜ್ವರದ ದೆಸೆಯಿಂದ ಇಲ್ಲಿ ಡಜನ್ ಮೊಟ್ಟೆಯ ಸರಾಸರಿ ಬೆಲೆ 6 ಡಾಲರ್ ದಾಟಿತ್ತು ಅಂತ ಅವರಿಗೆ ಹೇಳು. ಆಮೇಲೆ ನಗಲಿ.

ಪಕ್ಕದ ಮನೆಯಾಕೆಯೂ ಕೋಳಿ ಸಾಕಿದ್ದಾರೆ. ಅವರ ಲೆಕ್ಕವೇ ಬೇರೆ. ಕರೆದರೆ ಓಡಿ ಬರಬೇಕು, ಮೊಮ್ಮಕ್ಕಳ ತೊಡೆ ಮೇಲೆ ಕೂರಬೇಕು. ಅಂಥವನ್ನೇ ಆರಿಸಿ ಮರಿ ಮಾಡಿಸುತ್ತಾರೆ. ಬಫ್ ಆರ್ಪಿಂಗ್ಟನ್ ಅಂತ ಒಂದು ತಳಿ, ಇಂಗ್ಲೆಂಡಿನ ವಿಲಿಯಂ ಕುಕ್ 1894ರಲ್ಲಿ ಹೊರತಂದದ್ದು. ದಪ್ಪ ಮೈ, ಬಲು ಸಾಧು. ಇನ್ನೊಂದು ಸಿಲ್ಕಿ. ಅದನ್ನು ನೋಡಿದರೆ ನೀನು ಕೋಳಿ ಅಂತ ಒಪ್ಪುವುದೇ ಇಲ್ಲ. ಮೈತುಂಬ ಪುಕ್ಕದ ಬದಲು ಉಣ್ಣೆ. ಹಾರೋಕೆ ಬರುವುದಿಲ್ಲ. ಜುಟ್ಟು ಕಣ್ಣಿಗೆ ಅಡ್ಡ, ಮೇಲಿಂದ ಗಿಡುಗ ಬಂದರೆ ಕಾಣುವುದಿಲ್ಲ. ಮಳೆ ನೀರು ಜಾರಿ ಹೋಗದೆ ಚರ್ಮಕ್ಕೇ ಇಳಿಯುತ್ತದೆ, ಇಲ್ಲಿ ನೋಡಿದರೆ ಚಳಿಗಾಲವೆಲ್ಲ ಮಳೆ. ಪಾಪ, ಆಕೆ ಟವೆಲ್ ಹಿಡಿದು ಒರೆಸುತ್ತಾ ಕೂತಿರುತ್ತಾರೆ. ಆದರೆ ಒಂದು ಮಾತು ಒಪ್ಪಬೇಕು. ಕಾವು ಕೂರುವುದರಲ್ಲಿ ಸಿಲ್ಕಿ ಎತ್ತಿದ ಕೈ. ಬಾತುಕೋಳಿ ಮೊಟ್ಟೆ ಇಟ್ಟರೂ ಕೂರುತ್ತದೆ.

ನಾನು ಸಾಕಿರುವುದು ಓಲ್ಡ್ ಇಂಗ್ಲಿಷ್ ಗೇಮ್ ಅನ್ನೋ ತಳಿ. ನಮ್ಮ ನಾಟಿ ಕೋಳಿಯ ದಾಯಾದಿ ಅಂದುಕೋ. ಕತ್ತಲಾದರೆ ಮರ ಹತ್ತುತ್ತವೆ. ಅರ್ಧ ಹೊಟ್ಟೆ ಹಿತ್ತಲಲ್ಲೇ ಕೆದಕಿ ತುಂಬಿಸಿಕೊಳ್ಳುತ್ತವೆ. ಮರಿ ಇರುವ ಹೇಂಟೆ ಹತ್ತಿರ ಬೆಕ್ಕು ಸುಳಿಯುವುದಿಲ್ಲ. ಕೈಗೆ ಮಾತ್ರ ಸಿಗುವುದಿಲ್ಲ.

ಸಾಧುವೂ ಆಗಿರಬೇಕು, ತನ್ನ ಪಾಡು ತಾನೂ ನೋಡಿಕೊಳ್ಳಬೇಕು ಅಂದರೆ ಯಾಕೆ ಕಷ್ಟ ಅಂತ ತಲೆ ಕೆಡಿಸಿಕೊಂಡಿದ್ದೆ. ಸ್ವೀಡನ್ನಿನ ಲಿಂಕೋಪಿಂಗ್ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದಾರೆ. ಕೆಂಪು ಕಾಡುಕೋಳಿಗಳಲ್ಲಿ ಮನುಷ್ಯರಿಗೆ ಕಡಿಮೆ ಹೆದರುವವನ್ನೇ ಆರಿಸಿ, 10 ತಲೆಮಾರು ಮರಿ ಮಾಡಿಸಿದರು. (ಕೆಂಪು ಕಾಡುಕೋಳಿ ಅಂದರೆ ಊರುಕೋಳಿಯ ಮೂಲ. ನಮ್ಮ ಕಾಡಿನದು ಬೂದು ಜಾತಿ. ಊರುಕೋಳಿಗೆ ಹಳದಿ ಕಾಲು ಬಂದದ್ದು ಮಾತ್ರ ನಮ್ಮ ಬೂದುಕೋಳಿಯಿಂದಲೇ, ಇದನ್ನೂ ಚಿಕ್ಕಪ್ಪನಿಗೆ ಹೇಳು.) ಆ ಸಾಧು ಕೋಳಿಗಳ ಮೈ ಬೆಳೆಯಿತು, ಮೈಗೆ ಹೋಲಿಸಿದರೆ ಮಿದುಳು ಚಿಕ್ಕದಾಯಿತು. ಬೆಚ್ಚಿಬೀಳಿಸೋಕೆ ಪದೇ ಪದೇ ದೀಪ ಮಿನುಗಿಸಿದರೆ ಬೇಗ ಒಗ್ಗಿಕೊಂಡುಬಿಟ್ಟವು. ಮನುಷ್ಯರ ಭಯ ಒಂದನ್ನೇ ಕಿತ್ತು ಉಳಿದದ್ದನ್ನು ಹಾಗೇ ಬಿಡೋಕೆ ಆಗುವುದಿಲ್ಲ ಅಂತ ನನಗೆ ಅನ್ನಿಸುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಅದರಿಂದ ತೊಂದರೆ ಇಲ್ಲ. ಗಿಡುಗ, ಕೋಳಿ ಹಿಡಿಯುವ ರಕೂನ್ ಅನ್ನೋ ಕಾಡುಪ್ರಾಣಿ ಇರುವ ಹಿತ್ತಲಲ್ಲಿ ಇದೆ.

ಆದರೆ ಮರಿಯನ್ನು ಮೊದಲ ವಾರಗಳಲ್ಲಿ ದಿನಾ ಕೈಯಲ್ಲಿ ಹಿಡಿದು, ಹುಳ ತಿನ್ನಿಸಿದರೆ ಎಂಥ ತಳಿಯೂ ಸಾಕಷ್ಟು ಒಗ್ಗುತ್ತದೆ. ಗಿಡುಗನ ನೆರಳಿಗೆ ಪೊದೆ ಸೇರುವುದನ್ನು, ಮೂರು ವಾರ ಬಿಡದೆ ಮೊಟ್ಟೆ ಮೇಲೆ ಕೂರುವುದನ್ನು ನಾನು ಹೇಗೆ ಕಲಿಸಲಿ? ಅದು ರಕ್ತದಲ್ಲೇ ಬರಬೇಕು, ಇಲ್ಲವೇ ತಾಯಿ ಕಲಿಸಬೇಕು. ಅಪ್ಪ ತಂದ ಗಿರಿರಾಜ ನೆನಪಿದೆಯಾ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಳಿ ಅದು. ಮೊಟ್ಟೆಗೂ ತೂಕಕ್ಕೂ ನಾಟಿಗಿಂತ ಎಷ್ಟೋ ಮೇಲು. ಆದರೆ ಅದರ ಮೊಟ್ಟೆಗಳನ್ನೂ ನೀನು ಕೊನೆಗೆ ನಾಟಿ ಕೋಳಿ ಕೆಳಗೇ ಇಟ್ಟೆ ಅಲ್ವಾ?

ಹಾಗಾಗಿ ನಾನು ತಳಿ ಆರಿಸುವುದು ಚುರುಕು ನೋಡಿ. ಸಲಿಗೆಯನ್ನು ಸಾಕುವಾಗ ಬೆಳೆಸಿದರಾಯಿತು. ಹುಂಜದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಮನುಷ್ಯರ ಮೇಲೆ ಬೀಳುವ ಹುಂಜ ನೇರ ಸಾರಿನ ಪಾತ್ರೆಗೆ. ಈಗಿರುವುದು ಒಳ್ಳೆಯದು. ಆಕಾಶದಿಂದ ಅಪಾಯ ಬಂದರೆ ಉದ್ದವಾಗಿ ಕೀರಲು ದನಿ ತೆಗೆಯುತ್ತದೆ, ನೆಲದ ಮೇಲೆ ನಾಯಿ ಬಂದರೆ ಕೊಕ್ ಕೊಕ್ ಅಂತ ಬಡಕೊಳ್ಳುತ್ತದೆ. ಹೇಂಟೆಗಳು ಕೂಗು ಕೇಳಿಯೇ ಬಚ್ಚಿಟ್ಟುಕೊಳ್ಳಬೇಕೋ, ಕತ್ತೆತ್ತಿ ನೋಡಬೇಕೋ ಅಂತ ತಿಳಿದುಕೊಳ್ಳುತ್ತವೆ. ಪಕ್ಕದ ಮನೆಯಾಕೆಗೆ ಹೀಗೆಲ್ಲ ಹೇಳಿದರೆ, "ನಿನಗೆ ಕೋಳಿ ಬೇಕಿಲ್ಲ, ಕಾವಲುಗಾರ ಬೇಕು" ಅನ್ನುತ್ತಾರೆ. ಆದರೂ ಈ ವಸಂತದಲ್ಲಿ ನನ್ನ ಗೇಮ್ ಮೊಟ್ಟೆಗಳು ಕೂತಿರುವುದು ಅವರ ಸಿಲ್ಕಿಯ ಕೆಳಗೇ.

ನೀನು ಈ ಸಲ ಯಾವ ಹೇಂಟೆಯನ್ನು ಕಾವಿಗೆ ಕೂರಿಸಿದ್ದೀಯ? ಅಜ್ಜಿ ಮರಿಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಸಂತೆಗೆ ಕಳಿಸಬೇಕು ಅಂತ ಹೇಗೆ ಆರಿಸುತ್ತಿದ್ದಳು? ನೆನಪಿರುವಷ್ಟು ತಮ್ಮನ ಕೈಲಿ ಬರೆಸಿ ಕಳಿಸು. ಬೇಸಿಗೆ ಬಂತು, ಕೊಕ್ಕರೆ ರೋಗದ ಲಸಿಕೆ ಹಾಕಿಸೋದು ಮರೀಬೇಡ.

ನಿನ್ನ ಮಗ