ಜೈಲಿನ ಫೋನಿಗೆ ಕಮಿಷನ್ ಬೇಡ

ಮಾನ್ಯರೇ,

ಜೈಲಿನೊಳಗಿನ ಫೋನ್ ಸೇವೆಗೆ ಟೆಂಡರ್ ಕರೆದಾಗಲೆಲ್ಲ ಒಂದು ಸಾಲನ್ನು ಹುಡುಕಿ ಓದಬೇಕು: ಕರೆಯ ದುಡ್ಡಿನಲ್ಲಿ ಜೈಲಿಗೆ ಪಾಲೆಷ್ಟು? ಅದು ಸೊನ್ನೆ ಇರಬೇಕು.

ಅಮೆರಿಕದಲ್ಲಿ ದರ ಏರಿದ್ದು ಈ ಪಾಲಿನಿಂದಲೇ. ಒಂದು ಜೈಲಿಗೆ ಒಂದೇ ಕಂಪನಿ. ಹೆಚ್ಚು ಕಮಿಷನ್ ಕೊಟ್ಟವರಿಗೆ ಗುತ್ತಿಗೆ, ಆ ಕಮಿಷನ್ ವಸೂಲಾಗುವುದು ಕೈದಿಯ ಮನೆಯವರಿಂದ. ದುಬಾರಿ ಆಯಿತೆಂದು ಅವರು ಬೇರೆ ಕಂಪನಿಗೆ ಹೋಗುವಂತಿಲ್ಲವಲ್ಲ! ಖಾತೆಗೆ ದುಡ್ಡು ತುಂಬಲೂ ಪ್ರತ್ಯೇಕ ಶುಲ್ಕ. ದೊಡ್ಡ ಜೈಲುಗಳಲ್ಲಿ 15 ನಿಮಿಷ ಮಾತಾಡಿದರೆ 11.35 ಡಾಲರ್‌ವರೆಗೂ ಬೀಳುತ್ತಿತ್ತು. ಮೊಮ್ಮಗ ಜೈಲಿನಲ್ಲಿದ್ದ ಮಾರ್ಥಾ ರೈಟ್ ಎಂಬ ಕುರುಡಿ ಅಜ್ಜಿ 2000ರಲ್ಲಿ ಕೋರ್ಟಿಗೆ ಹೋದರು. ಅವರ ಹೆಸರಿನ ಕಾನೂನು ಬಂದದ್ದು 2023ರಲ್ಲಿ. ಮರುವರ್ಷ ಅಲ್ಲಿನ ಸಂವಹನ ಆಯೋಗ ಆ 15 ನಿಮಿಷವನ್ನು 90 ಸೆಂಟ್‌ಗೆ ಇಳಿಸಿ ಕಮಿಷನ್ ನಿಷೇಧಿಸಿತು. 2025ರ ಜೂನ್‌ನಲ್ಲಿ ಅದೇ ಆಯೋಗ ಜಾರಿಯ ಗಡುವನ್ನು 2027ಕ್ಕೆ ದೂಡಿತು. ರುಚಿ ಹತ್ತಿದ ಮೇಲೆ ಬಿಡಿಸುವುದು ಇಷ್ಟು ಕಷ್ಟ.

ನಮ್ಮ ಕಡೆ ಕರೆಗಿಂತ ಕರೆಯ ಸುತ್ತಲಿನ ಖರ್ಚು ದೊಡ್ಡದು. ಜೈಲಿನಿಂದ ಕರೆ ಹೋಗುವುದು ಮೊದಲೇ ಪರಿಶೀಲಿಸಿ ಬರೆಸಿದ ನಂಬರಿಗೆ ಮಾತ್ರ. ರೀಚಾರ್ಜ್ ಮಾಡಿಸದೆ ಮನೆಯ ಸಿಮ್ ಬಂದಾದರೆ ಹೊಸ ನಂಬರಿಗೆ ಮತ್ತೆ ಅದೇ ಪರಿಶೀಲನೆ. ಅಷ್ಟು ದಿನ ಮಾತೇ ಇಲ್ಲ. ಹೋಗಿ ನೋಡಿ ಬರೋಣವೆಂದರೆ ಗದಗದಿಂದ ಧಾರವಾಡದ ಕೇಂದ್ರ ಕಾರಾಗೃಹ ಸುಮಾರು 80 ಕಿ.ಮೀ.; ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಚಾರ್ಜ್ ಇಲ್ಲ, ನಿಜ. ಆದರೆ ದಿನದ ಕೂಲಿ ಹೋಯಿತು.

ಇದಕ್ಕೆಂದೇ ಇ-ಮುಲಾಖಾತ್, ಅಂದರೆ ಕೈದಿಯ ಭೇಟಿಗೆ ಆನ್‌ಲೈನ್ ಅರ್ಜಿ ಹಾಕುವ ವ್ಯವಸ್ಥೆ, ಇದೆ. ರಾಷ್ಟ್ರೀಯ ಕಾರಾಗೃಹ ಪೋರ್ಟಲ್‌ನಲ್ಲಿ ಭೇಟಿಗೆ ಬರುವವರ ಹೆಸರು, ಗುರುತಿನ ಚೀಟಿ, ಮೊಬೈಲ್, ಇಮೇಲ್, ಕೈದಿಯ ಹೆಸರು, ಜೈಲು, ಸಂಬಂಧ, ದಿನಾಂಕ ತುಂಬಿ, ವಿಡಿಯೊ ಭೇಟಿ ಆರಿಸಿ ಓಟಿಪಿ ಹಾಕಬೇಕು. ಎಡವುವುದು ಎರಡು ಕಡೆ. ಮನೆಯಲ್ಲಿ ಬಸು, ವಾರಂಟಿನಲ್ಲಿ ಬಸವರಾಜ: ಹೆಸರು ತಾಳೆಯಾಗದೆ ಅರ್ಜಿ ಬೀಳುತ್ತದೆ. ಜೈಲಿನ ದಾಖಲೆಯಲ್ಲಿದ್ದಂತೆಯೇ, ತಂದೆಯ ಹೆಸರು ಸಹಿತ ಬರೆಯಿರಿ. ಎರಡನೆಯದು ಇಮೇಲ್. ಇಲ್ಲದವರಿಗೆ ಸೈಬರ್ ಅಂಗಡಿಯವರು ತಮ್ಮದನ್ನೇ ಹಾಕಿದರೆ ಮಾಹಿತಿ ಅಲ್ಲಿಗೇ ಹೋಗುತ್ತದೆ, ಭೇಟಿಯ ಹೊತ್ತು ತಪ್ಪುತ್ತದೆ. ಮೊದಲು ಸ್ವಂತ ಇಮೇಲ್ ಮಾಡಿಸಿ, ಪಾಸ್‌ವರ್ಡ್ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. "ಭೇಟಿ ಮಾಡಿಸಿಕೊಡ್ತೀನಿ" ಎಂದು ಗೇಟಿನ ಬಳಿ ದುಡ್ಡು ಕೇಳುವವರಿಗೆ ಒಂದು ಪೈಸೆಯೂ ಬೇಡ.

ಬಂಧನದಲ್ಲಿ ಇರುವವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹೇಳುತ್ತದೆ; ಸಹಾಯವಾಣಿ 15100. ಧಾರವಾಡ, ಗದಗ, ಹಾವೇರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಕೋರ್ಟ್ ಆವರಣದಲ್ಲೇ ಇ-ಮುಲಾಖಾತ್ ಅರ್ಜಿ ತುಂಬಿಕೊಡಲಿ. ಕರೆಯ ದರವನ್ನು ಜೈಲಿನ ಗೇಟಿನಲ್ಲಿ ಕನ್ನಡದಲ್ಲಿ ಬರೆದು ಹಾಕಲಿ, ಕಟ್ಟಿದ ದುಡ್ಡಿಗೆ ರಸೀದಿ ಕೊಡಲಿ, ಬಿಡುಗಡೆಯ ದಿನವೇ ಉಳಿದ ಹಣ ಕೈಗೆ ಬರಲಿ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಜಾಮೀನುದಾರರನ್ನು ಹುಡುಕಲು, ವಕೀಲರನ್ನು ಕೇಳಲು ಅವರಿಗಿರುವ ದಾರಿ ಆ ಒಂದು ಫೋನ್.

– ಕಾನೂನು ನೆರವಿನ ಕೆಲಸದಲ್ಲಿರುವ ಓದುಗರು, ಧಾರವಾಡ